ಬೀಗ ಕಂಡರೆ ಹೆಸರು ಹೊಡೆಯುವವರಿಗೆ

ಕಾಫಿ ಹಣ್ಣಾಗುವ ಹೊತ್ತಿಗೇ ಮತದಾರರ ಪಟ್ಟಿಯ ಪರಿಷ್ಕರಣೆ ಬರುತ್ತದೆ. 2024ರಲ್ಲಿ ಅಕ್ಟೋಬರ್ 29ಕ್ಕೆ ಕರಡು ಪಟ್ಟಿ ಬಂತು, ನವೆಂಬರ್ 28ಕ್ಕೆ ಹಕ್ಕು-ಆಕ್ಷೇಪಣೆಯ ಗಡುವು ಮುಗಿಯಿತು, ಮರುವರ್ಷದ ಜನವರಿ 6ಕ್ಕೆ ಅಂತಿಮ ಪಟ್ಟಿ ಹೊರಬಿತ್ತು. ಅದೇ ತಿಂಗಳುಗಳಲ್ಲಿ ನ್ಯಾಮತಿ, ಹೊನ್ನಾಳಿ, ಚನ್ನಗಿರಿ ಸೀಮೆಯ ತಾಂಡಾಗಳಿಂದ ಟೆಂಪೊಗಳು ತುಂಬಿಕೊಂಡು ಮಲೆನಾಡಿನ ಕಾಫಿ ತೋಟಗಳ ಕಡೆ ಹೊರಡುತ್ತವೆ. ಇನ್ನು ಕೆಲವರು ಕಬ್ಬು ಕಡಿಯಲು ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಕಡೆಯವರು ಗಾರೆ ಕೆಲಸಕ್ಕೆಂದು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೊಟ್ಟೆಪಾಡು. ಗುಳೆ ಹೋಗುವುದು ಯಾರಿಗೂ ಶೋಕಿಯಲ್ಲ.

ಆಗ ಬೂತ್ ಮಟ್ಟದ ಅಧಿಕಾರಿ, ನಮ್ಮೆಲ್ಲರ ಬಾಯಲ್ಲಿ ಬಿಎಲ್‌ಒ, ಮನೆ ಮನೆಗೆ ಬರುತ್ತಾರೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ "ಕಾಫಿ ತೋಟಕ್ಕೆ ಹೋಗ್ಯಾರೆ" ಎನ್ನುತ್ತಾಳೆ. ಹೋಗಿದ್ದಾರೆ ಅಂದಳೇ ಹೊರತು ಊರು ಬಿಟ್ಟು ಹೋಗಿದ್ದಾರೆ ಅನ್ನಲಿಲ್ಲ. ಆದರೆ ಪಟ್ಟಿಯಲ್ಲಿ ಬೀಳುವ ಷರಾ ಒಂದೇ: ಸ್ಥಳಾಂತರ. ಮೇ ತಿಂಗಳ ಬಿಸಿಲಿನಲ್ಲಿ ಆ ಮನೆಯವರು ಮತಗಟ್ಟೆಯ ಸಾಲಿನಲ್ಲಿ ಎರಡು ತಾಸು ನಿಂತು ಒಳಗೆ ಹೋದರೆ, ಏಜೆಂಟರು ಪಟ್ಟಿ ತಿರುವಿ "ನಿಮ್ಮ ಹೆಸರಿಲ್ಲ" ಎನ್ನುತ್ತಾರೆ. ಕೈಯಲ್ಲಿ ಗುರುತಿನ ಚೀಟಿ ಇದೆ, ಅದರಲ್ಲಿ ಅವರದೇ ಫೋಟೊ ಇದೆ. ಹೆಸರು ಮಾತ್ರ ಇಲ್ಲ.

ಇದನ್ನು ಕಣ್ತಪ್ಪು ಎನ್ನಬೇಡಿ. ಅದೇ ಬೀಗ ಹಾಕಿದ ಬಾಗಿಲ ಸಂದಿಯಲ್ಲಿ ಪಂಚಾಯ್ತಿಯವರು ಮನೆ ಕಂದಾಯದ ಬಿಲ್ಲು ತೂರಿಸಿ ಹೋಗುತ್ತಾರೆ. ಸಂಘದ ಸಾಲದ ಕಂತು ವಸೂಲಿ ಮಾಡುವವರು ಫೋನು ಹಚ್ಚಿ, ತೋಟದ ಹೆಸರು ಕೇಳಿ, ಕೂಲಿ ಲೈನಿನ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ. ಸಾಲ ವಸೂಲಿಗೆ ಸಿಗುವ ಮನುಷ್ಯ ಓಟಿನ ಪಟ್ಟಿಗೆ ಮಾತ್ರ ಪತ್ತೆಯೇ ಇಲ್ಲ! ಇತ್ತ ಅಡಿಕೆ ಸಾಹುಕಾರರ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿ, ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸಿ ವರ್ಷಗಳಾಗಿದ್ದರೂ ಊರಿನ ಪಟ್ಟಿಯಲ್ಲಿ ಅವನ ಹೆಸರು ಕಲ್ಲಿನ ಹಾಗೆ ಕೂತಿರುತ್ತದೆ. ಯಾಕೆಂದರೆ ಆ ಮನೆಯಲ್ಲಿ ಬಿಎಲ್‌ಒಗೆ ಕುರ್ಚಿ ಹಾಕಿ ಕಾಫಿ ಕೊಟ್ಟು "ಅವನು ಹಬ್ಬಕ್ಕೆ ಬರ್ತಾನಲ್ಲ" ಎಂದು ಹೇಳುವ ಒಬ್ಬರು ಇದ್ದಾರೆ. ತಾಂಡಾದ ಮನೆಯಲ್ಲಿ ಹಾಗೆ ಹೇಳಬೇಕಾದವರೇ ಆ ಕಾಫಿಯ ಹಣ್ಣು ಬಿಡಿಸುತ್ತಿರುತ್ತಾರೆ.

ಕಾನೂನು ಏನು ಹೇಳುತ್ತದೆ ಗೊತ್ತೆ? 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ಓದಿ. ತನ್ನ ವಾಸದ ಊರಿನಿಂದ ತಾತ್ಕಾಲಿಕವಾಗಿ ಹೊರಗಿದ್ದಾನೆಂಬ ಒಂದೇ ಕಾರಣಕ್ಕೆ ಯಾರೂ ಆ ಊರಿನ ವಾಸಿಯಲ್ಲ ಎಂದಾಗುವುದಿಲ್ಲ. ಅಷ್ಟು ಸ್ಪಷ್ಟ. ಅದೇ ಕಾಯ್ದೆಯ 22ನೇ ಕಲಮು, ವಾಸ ಬಿಟ್ಟಿದ್ದಾರೆಂದು ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಗೆ ತನ್ನ ಮಾತು ಹೇಳಲು ತಕ್ಕ ಅವಕಾಶ ಕೊಡಬೇಕು ಎನ್ನುತ್ತದೆ. ಇಲ್ಲದವರ ಹೆಸರಿಗೆ ನೋಟಿಸು ಬರೆದು, ಅದನ್ನು ಬೀಗಕ್ಕೋ ಕಚೇರಿಯ ಫಲಕಕ್ಕೋ ಅಂಟಿಸಿ, "ಅವಕಾಶ ಕೊಟ್ಟಿದ್ದೇವೆ" ಎಂದು ಕಡತ ಮುಚ್ಚುವುದು ಯಾವ ಸೀಮೆಯ ಅವಕಾಶ? ನಮ್ಮ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಒಂದು ಭತ್ತದ ತಳಿ ಬೇಡವೆಂದು ಕೈಬಿಡಬೇಕಾದರೂ ಸಂಶೋಧಕರು ಹಂಗಾಮಿನ ಮೇಲೆ ಹಂಗಾಮು ಬೆಳೆದು ನೋಡಿ, ಬರೆದಿಟ್ಟು, ಆಮೇಲೆ ಬಿಡುತ್ತಾರೆ. ಮನುಷ್ಯರ ಹೆಸರು ಬಿಡಲು ಒಂದು ಬೀಗ ಸಾಕು.

ಬಿಎಲ್‌ಒ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಆಕೆ ಅಂಗನವಾಡಿ ನೋಡಬೇಕು, ಮಕ್ಕಳ ತೂಕ ಬರೆಯಬೇಕು, ಇದರ ಮೇಲೆ ಸಾವಿರ ಮತದಾರರ ಬಾಗಿಲು ತಟ್ಟಬೇಕು. ಚುನಾವಣಾ ಆಯೋಗ 2025ರಲ್ಲಿ ಕನಿಷ್ಠ ಗೌರವಧನವನ್ನು ಎರಡು ಪಟ್ಟು ಮಾಡುವವರೆಗೆ ಆ ಕೆಲಸಕ್ಕೆ ಇದ್ದದ್ದು ವರ್ಷಕ್ಕೆ 6,000 ರೂಪಾಯಿ, ಅಂದರೆ ತಿಂಗಳಿಗೆ ಐನೂರು. ಅಷ್ಟು ದುಡ್ಡಿಗೆ ಪ್ರಜಾಪ್ರಭುತ್ವದ ಬುಡವನ್ನು ಅವಳ ತಲೆಗೆ ಕಟ್ಟಿ, ತಪ್ಪಾದರೆ ಅವಳನ್ನೇ ಅಮಾನತು ಮಾಡುವ ಮೇಲಿನವರು ಇದ್ದಾರಲ್ಲ, ಸಿಟ್ಟು ಅವರ ಮೇಲೆ.

ಸೋಮಾರಿತನದ ಕಥೆ ಇಷ್ಟು. ಈ ಸೋಮಾರಿತನದ ನೆರಳಲ್ಲಿ ಬೇಕೆಂದೇ ಮಾಡುವ ಕಳ್ಳತನವೂ ಬೆಳೆಯುತ್ತದೆ. ಅದಕ್ಕೆ ಕಲಬುರಗಿ ಜಿಲ್ಲೆಯ ಆಳಂದ ನೋಡಿ.

ನಮೂನೆ 7 ಎಂಬ ಅರ್ಜಿಯೊಂದಿದೆ. ಇನ್ನೊಬ್ಬರ ಹೆಸರು ಪಟ್ಟಿಯಿಂದ ತೆಗೆಯಿರಿ ಎಂದು ಕೇಳುವ ಅರ್ಜಿ. ಕೇಳುವವನ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಮೊಬೈಲು. ತೆಗೆಯಬೇಕಾದವರ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ. ಕೆಳಗೆ ಕಾರಣಗಳು: ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ, ವಯಸ್ಸಾಗಿಲ್ಲ, ಎರಡು ಕಡೆ ಇದ್ದಾರೆ, ಭಾರತದ ಪ್ರಜೆಯಲ್ಲ. ಒಂದಕ್ಕೆ ಗುರುತು ಹಾಕಿದರೆ ಆಯಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದದಲ್ಲಿ ಇಂಥ 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಒಬ್ಬ ಬಿಎಲ್‌ಒಗೆ ತನ್ನ ಮನೆತನದವರದೇ ಹೆಸರು ತೆಗೆಯಲು ಅರ್ಜಿ ಬಂದದ್ದು ಕಂಡಿತು. ಅರ್ಜಿ ಯಾರ ಹೆಸರಿನಲ್ಲಿತ್ತೋ ಅವರನ್ನು ಕೇಳಿದರೆ, ನಾನು ಹಾಕಿಯೇ ಇಲ್ಲ ಎಂದರು. ಗುಟ್ಟು ಬಿಚ್ಚಿಕೊಂಡದ್ದು ಹಾಗೆ. ಸ್ಥಳಕ್ಕೆ ಹೋಗಿ ತನಿಖೆ ಮಾಡಿದಾಗ ಆರು ಸಾವಿರದ ಹದಿನೆಂಟರಲ್ಲಿ ಸರಿಯಾದ ಅರ್ಜಿಗಳು 24. ಉಳಿದ 5,994 ಜನ ಇದ್ದಲ್ಲೇ ಇದ್ದರು, ಬದುಕಿದ್ದರು, ತಮ್ಮ ಹೆಸರಿಗೆ ಯಾರೋ ಗೋರಿ ತೋಡುತ್ತಿದ್ದಾರೆಂಬುದೇ ಅವರಿಗೆ ಗೊತ್ತಿರಲಿಲ್ಲ.

2023ರ ಫೆಬ್ರವರಿಯಲ್ಲಿ ಎಫ್‌ಐಆರ್ ಆಯಿತು, ಆಮೇಲೆ ಸಿಐಡಿ ಬಂತು, ಎರಡು ವರ್ಷ ಉರುಳಿತು. 2025ರ ಸೆಪ್ಟೆಂಬರಿನಲ್ಲಿ ರಾಹುಲ್ ಗಾಂಧಿ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ಮಾಡಿ ಆಳಂದದ ಹೆಸರು ಎತ್ತಿದ ಮೇಲೆ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. ಆ ತನಿಖೆಯಿಂದ ಹೊರಬಂದಂತೆ ಪತ್ರಿಕೆಗಳು ಬರೆದ ಒಂದು ಅಂಕಿ ನನ್ನ ತಲೆಯಿಂದ ಹೋಗುತ್ತಿಲ್ಲ: ಒಂದು ಹೆಸರು ತೆಗೆಯುವ ಅರ್ಜಿಗೆ ಕೊಟ್ಟ ಕೂಲಿ 80 ರೂಪಾಯಿ. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹೊಟ್ಟೆ ತುಂಬ ತಿಂಡಿ ತಿಂದರೆ ಆಗುವಷ್ಟು ದುಡ್ಡು. ಗುರಿಯಾದವರಲ್ಲಿ ದಲಿತರು, ಹಿಂದುಳಿದವರು, ಅಲ್ಪಸಂಖ್ಯಾತರೇ ಹೆಚ್ಚೆಂಬುದು ಅಲ್ಲಿ ಮೊದಲಿನಿಂದ ಇರುವ ದೂರು. ಪ್ರಕರಣ ನ್ಯಾಯಾಲಯದ ದಾರಿಯಲ್ಲಿದೆ, ತಪ್ಪಿತಸ್ಥರು ಯಾರೆಂದು ನ್ಯಾಯಾಧೀಶರು ಹೇಳಲಿ.

ಆಯೋಗ ತನ್ನ ಮಾತನ್ನೂ ಹೇಳಿದೆ. ಅಳಿಸುವ ಪ್ರಯತ್ನ ವಿಫಲವಾಯಿತು, ದೂರು ಕೊಟ್ಟದ್ದೂ ಚುನಾವಣಾ ಅಧಿಕಾರಿಗಳೇ, ತನಿಖೆಗೆ ಮಾಹಿತಿಯನ್ನೂ ಕೊಟ್ಟಾಗಿದೆ ಎನ್ನುತ್ತದೆ. ಸರಿ, ಒಪ್ಪೋಣ. ಆದರೆ ವಿಫಲವಾದದ್ದು ಯಾರ ಪುಣ್ಯದಿಂದ? ಒಬ್ಬ ಬಿಎಲ್‌ಒ ಕಣ್ಣಿಗೆ ಮನೆಯವರ ಹೆಸರೇ ಬಿದ್ದ ಪುಣ್ಯದಿಂದ. ಬೀಳದಿದ್ದರೆ? ಆ ಕ್ಷೇತ್ರದಲ್ಲಿ 2018ರ ಗೆಲುವಿನ ಅಂತರ 697 ಓಟು. ಆರು ಸಾವಿರ ಹೆಸರು ಹೋಗಿದ್ದರೆ ಏನಾಗುತ್ತಿತ್ತೆಂದು ಲೆಕ್ಕ ಹಾಕಲು ಮೇಷ್ಟ್ರು ಬೇಕಿಲ್ಲ.

ಬೆಂಗಳೂರಿನದು ಇನ್ನೊಂದು ನಮೂನೆ. ಚಿಲುಮೆ ಎಂಬ ಸಂಸ್ಥೆಗೆ 2022ರಲ್ಲಿ ಬಿಬಿಎಂಪಿ ಮತದಾರರಿಗೆ ತಿಳಿವಳಿಕೆ ಕೊಡಲು ಅನುಮತಿ ಕೊಟ್ಟಿತು. ಅದರ ಹುಡುಗರು ಬಿಎಲ್‌ಒ ಎಂಬ ಚೀಟಿ ಕೊರಳಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಜಾತಿ, ಮಾತೃಭಾಷೆ, ಆಧಾರ್ ಎಲ್ಲವನ್ನೂ ಕೇಳಿದರು. ನವೆಂಬರಿನಲ್ಲಿ ಪತ್ರಕರ್ತರು ಅದನ್ನು ಬಯಲು ಮಾಡಿದಾಗ ಗದ್ದಲವೆದ್ದಿತು; ಸಂಸ್ಥೆಯ ಮುಖ್ಯಸ್ಥರು ಜೈಲಿಗೆ ಹೋದರು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ತೆಗೆದ, ಸೇರಿಸಿದ ಪ್ರತಿ ಹೆಸರನ್ನೂ ಮರುಪರಿಶೀಲಿಸಿ ಎಂದು ಆಯೋಗ ಆಜ್ಞೆ ಮಾಡಿತು. ಅಷ್ಟಾದ ಮೇಲಾದರೂ ಬುದ್ಧಿ ಬಂತೆ? ಕೆಲವೇ ತಿಂಗಳಲ್ಲಿ ಅದೇ ಶಿವಾಜಿನಗರದಲ್ಲಿ ಖಾಸಗಿ ದೂರೊಂದನ್ನು ಹಿಡಿದುಕೊಂಡು ಒಂಬತ್ತು ಸಾವಿರಕ್ಕೂ ಹೆಚ್ಚು ಮತದಾರರಿಗೆ ನೋಟಿಸು ಕಳಿಸುವ ಕೆಲಸ ನಡೆಯಿತು. ಅವರಲ್ಲಿ ಬಹುಪಾಲು ಮುಸ್ಲಿಮರು, ಕ್ರೈಸ್ತರು ಎಂದು ಅಲ್ಲಿನವರು ಬೀದಿಗಿಳಿದರು. ದೂರು ಕೊಟ್ಟವನು ಸಾಕ್ಷಿ ತರಬೇಕಾಗಿರಲಿಲ್ಲ. ದೂರಿಗೆ ಸಿಕ್ಕವನು ಒಂದು ದಿನದ ಕೂಲಿ ಬಿಟ್ಟು, ಗ್ಯಾಸಿನ ಬಿಲ್ಲು, ಕರೆಂಟಿನ ಬಿಲ್ಲು ಹಿಡಿದು, ನಾನು ಇಲ್ಲೇ ಇದ್ದೇನೆ ಸ್ವಾಮಿ ಎಂದು ಕಚೇರಿಯ ಮೆಟ್ಟಿಲು ಹತ್ತಬೇಕಾಗಿತ್ತು.

ಈ ಅನ್ಯಾಯದ ತಿರುಳೇ ಅದು. ಹೆಸರು ತೆಗೆಯುವವನ ಮೇಲೆ ಯಾವ ಹೊರೆಯೂ ಇಲ್ಲ. ಹೆಸರು ಕಳೆದುಕೊಳ್ಳುವವನೇ ಹೊರೆ ಹೊರಬೇಕು.

ಇದು ಹೊಸ ರೋಗವಲ್ಲ. 1949ರ ಜೂನ್‌ನಲ್ಲಿ ಸಂವಿಧಾನ ಸಭೆಯಲ್ಲಿ ಚುನಾವಣಾ ಆಯೋಗದ ಕಲಮು ಚರ್ಚೆಗೆ ಬಂದಾಗ ಬಾಬಾಸಾಹೇಬ ಅಂಬೇಡ್ಕರ್ ಎದ್ದು ನಿಂತು ಒಂದು ಮಾತು ಹೇಳಿದರು. ಮೊದಲ ಕರಡಿನಲ್ಲಿ ರಾಜ್ಯಗಳಿಗೆ ಬೇರೆ ಬೇರೆ ಆಯೋಗಗಳಿದ್ದವು. ಅದನ್ನು ಬಿಟ್ಟು ಇಡೀ ದೇಶಕ್ಕೆ ಒಂದೇ ಆಯೋಗ ಯಾಕೆ? ಕೆಲವು ಪ್ರಾಂತಗಳಲ್ಲಿ ಸರ್ಕಾರದವರೇ ನಿಂತು, ಜನಾಂಗದಿಂದಲೋ ಸಂಸ್ಕೃತಿಯಿಂದಲೋ ಭಾಷೆಯಿಂದಲೋ ತಮ್ಮವರಲ್ಲದ ಜನರನ್ನು ಮತದಾರರ ಪಟ್ಟಿಗೆ ಸೇರದಂತೆ ಮಾಡುತ್ತಿದ್ದಾರೆ ಎಂಬ ದೂರುಗಳು ಬಂದಿದ್ದವು. ಅದಕ್ಕೇ. ಅಂದರೆ ಚುನಾವಣಾ ಆಯೋಗ ಈಗಿನ ರೂಪ ಪಡೆದದ್ದೇ ಅಲ್ಪಸಂಖ್ಯಾತರ ಹೆಸರು ಉಳಿಸುವುದಕ್ಕೆ. ಭಾಷೆಯನ್ನೂ ಅವರು ಸೇರಿಸಿದ್ದರು ಎಂಬುದನ್ನು ಗಮನಿಸಿ. ಕಾಸರಗೋಡಿನ ಕನ್ನಡಿಗನ ಹೆಸರು ಮಲಯಾಳ ಲಿಪಿಗೆ ಹೋಗಿ ಕೆಟ್ಟರೆ ಕೆರಳುವ ನಾವು, ನಮ್ಮ ಲಿಪಿಗೆ ಬಂದು "ಫಾತಿಮಾಬಿ" ಒಂದು ಕಡೆ "ಪಾತಿಮಬಿ", ಇನ್ನೊಂದು ಕಡೆ "ಫಾತಿಮ ಬೀ" ಆಗಿ, ಎರಡು ಹೆಸರು ಎಂಬ ಕಾರಣಕ್ಕೆ ಎರಡೂ ಹೋದಾಗ ನಕ್ಕು ಸುಮ್ಮನಾಗುತ್ತೇವೆ. ತಾಂಡಾದ ಒಂದೇ ಮನೆಯಲ್ಲಿ ಅಪ್ಪ ನಾಯ್ಕ, ಮಗ ನಾಯಕ, ಸೊಸೆ ಬಾಯಿ. ತಪ್ಪು ಬರೆದವನು ಗುಮಾಸ್ತ, ಶಿಕ್ಷೆ ಸೊಸೆಗೆ.

ಅಂಬೇಡ್ಕರರ ಮಾತಿನ ಬೆನ್ನಿಗೇ ಸಂವಿಧಾನದ 325ನೇ ವಿಧಿ ಇದೆ: ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಪಟ್ಟಿಯಿಂದ ಹೊರಗಿಡುವಂತಿಲ್ಲ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಕ್ಕಾಗಿ ಹೇಳಿತು. ದೆಹಲಿ, ಮುಂಬೈಗಳ ಬಡ ಬಡಾವಣೆಗಳಲ್ಲಿ ಓಟು ಹಾಕುತ್ತಾ ಬಂದವರಿಗೆ ನೀವು ಪ್ರಜೆಗಳೆಂದು ಸಾಬೀತು ಮಾಡಿ ಎಂದು ಸಾರಾಸಗಟು ನೋಟಿಸು ಹೊರಡಿಸಿದ್ದರು. ಹಿಂದಿನ ಪಟ್ಟಿಯಲ್ಲಿ ಹೆಸರಿದ್ದರೆ ಅದಕ್ಕೆ ಬೆಲೆ ಇದೆ, ಸಂಶಯವಿದ್ದರೆ ಸಂಶಯದ ಆಧಾರವೇನೆಂದು ಅಧಿಕಾರಿ ಮೊದಲು ಆ ವ್ಯಕ್ತಿಗೆ ತಿಳಿಸಬೇಕು, ಅವನ ಮಾತು ಕೇಳಬೇಕು ಎಂದಿತು ನ್ಯಾಯಾಲಯ. ಮೂವತ್ತು ವರ್ಷದ ಮೇಲೆ ಬಿಹಾರದಲ್ಲಿ ಏನಾಯಿತು? 2025ರ ವಿಶೇಷ ಪರಿಷ್ಕರಣೆಯ ಕರಡಿನಿಂದ 65 ಲಕ್ಷ ಹೆಸರು ಮಾಯ. ಯಾರ ಹೆಸರು ಯಾಕೆ ಹೋಯಿತೆಂದು ಕಾರಣ ಸಮೇತ ಪ್ರಕಟಿಸಿ ಎಂದು ಹೇಳಲು ಆಗಸ್ಟ್ 14ರಂದು ಸುಪ್ರೀಂ ಕೋರ್ಟೇ ಬರಬೇಕಾಯಿತು. ಅದಕ್ಕೆ ಎರಡು ದಿನ ಮೊದಲು ಹೋರಾಟಗಾರ ಯೋಗೇಂದ್ರ ಯಾದವ್, ಪಟ್ಟಿಯ ಪ್ರಕಾರ ಸತ್ತ ಇಬ್ಬರನ್ನು ನ್ಯಾಯಮೂರ್ತಿಗಳ ಮುಂದೆ ತಂದು ನಿಲ್ಲಿಸಿದ್ದರು. ಇಬ್ಬರೂ ತಮ್ಮ ಕಾಲ ಮೇಲೆ ನಿಂತಿದ್ದರು.

ಗುಳೆ ಹೋದವರ ಮಾತು ಬಂತಲ್ಲ, ನಮ್ಮ ಹಕ್ಕಿಪಿಕ್ಕಿಯವರನ್ನು ಮರೆತರೆ ತಪ್ಪಾದೀತು. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳದ ಹಕ್ಕಿಪಿಕ್ಕಿಗಳು ಗಿಡಮೂಲಿಕೆ ಎಣ್ಣೆ ಮಾರುತ್ತಾ ಆಫ್ರಿಕಾದ ತನಕ ಹೋಗಿ ಬರುವ ಜನ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಕರ್ನಾಟಕದ 31 ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದರು, ಚನ್ನಗಿರಿಯವರೂ ಇದ್ದರು. ಇಲ್ಲಿ ಮೇ 10ರ ಚುನಾವಣೆಯ ಪ್ರಚಾರದ ಕಾಲ. ಸಿದ್ದರಾಮಯ್ಯನವರಿಗೂ ವಿದೇಶಾಂಗ ಸಚಿವ ಜೈಶಂಕರ್ ಅವರಿಗೂ ಟ್ವಿಟರಿನಲ್ಲೇ ಜಟಾಪಟಿ ನಡೆಯಿತು. ಆಮೇಲೆ ಆಪರೇಷನ್ ಕಾವೇರಿಯಲ್ಲಿ ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತಂದರು. ಕಡಲಾಚೆ ಗುಂಡಿನ ನಡುವೆ ಇದ್ದವರನ್ನು ನಮ್ಮವರು ಎಂದು ಹುಡುಕಿ ತರಲು ಬರುವ ಸರ್ಕಾರಕ್ಕೆ, ಎರಡು ಜಿಲ್ಲೆ ಆಚೆ ಕಾಫಿ ತೋಟದಲ್ಲಿ ಇರುವವರು ನಮ್ಮವರೇ ಎಂದು ಒಂದು ಫೋನು ಮಾಡಿ ತಿಳಿಯಲು ಆಗುವುದಿಲ್ಲವೆ?

ಪಟ್ಟಿಯ ಈ ಅನ್ಯಾಯವನ್ನು ಹೊರದೇಶದವರು ಹೇಗೆ ಕಟ್ಟಿಹಾಕಿದರು ನೋಡಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರನ್ನು ಓಟಿನಿಂದ ದೂರ ಇಡಲು ಓದುಬರಹದ ಪರೀಕ್ಷೆ, ತಲೆಗಂದಾಯ, ಲಾಠಿ ಎಲ್ಲ ಇದ್ದವು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಪೊಲೀಸರು ಓಟಿನ ಹಕ್ಕು ಕೇಳಿ ಹೊರಟ ಮೆರವಣಿಗೆಯವರ ತಲೆ ಒಡೆದರು. ಆಗಸ್ಟಿನಲ್ಲಿ ಮತದಾನ ಹಕ್ಕಿನ ಕಾಯ್ದೆ ಬಂತು. ಅದರ ಹಲ್ಲು ಇದ್ದದ್ದು ಒಂದು ಕಲಮಿನಲ್ಲಿ: ಭೇದ ಮಾಡಿದ ಚರಿತ್ರೆ ಇರುವ ಕಡೆ ಮತದಾನದ ನಿಯಮ ಬದಲಿಸಬೇಕಾದರೆ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು, ಇದರಿಂದ ಯಾರಿಗೂ ಅನ್ಯಾಯವಿಲ್ಲ ಎಂದು ಬದಲಿಸುವವನೇ ತೋರಿಸಬೇಕು. 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಒಂದೇ ಓಟಿನ ಬಹುಮತದಿಂದ ಆ ಹಲ್ಲು ಕಿತ್ತಿತು, ಆ ಮಾತು ಬೇರೆ. ಆದರೆ 1993ರ ಇನ್ನೊಂದು ಕಾಯ್ದೆ ಇಂದಿಗೂ ಇದೆ. ಊರು ಬಿಟ್ಟಿದ್ದಾನೆ ಎಂಬ ಗುಮಾನಿಯಿದ್ದರೆ ನೋಟಿಸು ಕಳಿಸಬೇಕು. ಉತ್ತರ ಬಾರದೆ, ಆಮೇಲಿನ ಎರಡು ರಾಷ್ಟ್ರೀಯ ಚುನಾವಣೆಗಳಲ್ಲೂ ಅವನು ಓಟು ಹಾಕದಿದ್ದರೆ ಮಾತ್ರ ಹೆಸರು ತೆಗೆಯಬಹುದು. ಚುನಾವಣೆಗೆ 90 ದಿನ ಇರುವಾಗ ಸಾಮೂಹಿಕವಾಗಿ ತೆಗೆಯುವಂತೆಯೇ ಇಲ್ಲ. ನಮ್ಮಲ್ಲಿ ಬೀಗ ನೋಡಿದ ತಿಂಗಳೊಪ್ಪತ್ತಿನಲ್ಲಿ ಕೆಲಸ ಮುಗಿದಿರುತ್ತದೆ.

ಒಂದೆರಡು ಹೆಸರು ಹೋದರೆ ಏನಾಯಿತು ಬಿಡಿ ಎನ್ನುವವರು ಕಟ್ಟೆಯ ಮೇಲೆ ಇದ್ದೇ ಇರುತ್ತಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದು ಓಟಿನಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16. ಅದೇ ಚುನಾವಣೆಯಲ್ಲಿ ನಮ್ಮ ಜಗಳೂರಿನಲ್ಲಿ, ಪರಿಶಿಷ್ಟ ಪಂಗಡಕ್ಕೆ ಮೀಸಲಾದ, ಗುಳೆ ಹೋಗುವವರೇ ತುಂಬಿದ ಜಗಳೂರಿನಲ್ಲಿ, ಅಂತರ 874. ಯಾರು ಗೆದ್ದರು, ಯಾರು ಸೋತರು ಎಂಬುದು ನನಗೆ ಮುಖ್ಯವಲ್ಲ. ಎರಡು ಮೂರು ಹಳ್ಳಿಯ ಬೀಗಗಳು ಸೇರಿದರೆ 874 ಆಗುತ್ತದೆ.

ಬೇಡಿಕೆ ಇಷ್ಟೇ, ಕೇಳಿಸಿಕೊಳ್ಳಿ. ಗುಳೆ ಹೋದವರಿಗೆ ಪಟ್ಟಿಯಲ್ಲಿ ಬೇರೆ ಷರಾ ಬರೆಯಿರಿ, ನವೆಂಬರಿನಿಂದ ಮಾರ್ಚಿಯವರೆಗೆ ಬೀಗದ ಆಧಾರದ ಮೇಲೆ ಒಂದು ಹೆಸರನ್ನೂ ಮುಟ್ಟಬೇಡಿ. ನೋಟಿಸು ಕೈಗೆ ಸೇರಿದ್ದಕ್ಕೆ ಸಹಿಯೋ ಹೆಬ್ಬೆಟ್ಟೋ ಇಲ್ಲದ ಯಾವ ತೆಗೆತವೂ ನಿಲ್ಲಬಾರದು. ತೆಗೆಯಲಿರುವ ಹೆಸರುಗಳನ್ನು ತಾಂಡಾದ ಸೇವಾಲಾಲ್ ಗುಡಿಯ ಮುಂದೆ, ಮಸೀದಿಯ ಹತ್ತಿರ, ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ ಹೇಳಿ. ಸೂರಗೊಂಡನಕೊಪ್ಪದ ಜಾತ್ರೆಗೆ ಎಲ್ಲೆಲ್ಲಿಂದಲೋ ಲಂಬಾಣಿಗಳು ಬಂದು ಸೇರುತ್ತಾರೆ; ಅಲ್ಲಿ ಮಂತ್ರಿಗಳ ಭಾಷಣಕ್ಕೆ ಹಾಕುವ ಪೆಂಡಾಲಿನ ಮೂಲೆಯಲ್ಲಿ ಒಂದು ಮೇಜು, ಒಂದು ಪಟ್ಟಿ, ಒಬ್ಬ ಗುಮಾಸ್ತನನ್ನು ಕೂರಿಸಲು ಎಷ್ಟು ಖರ್ಚಾದೀತು?

ಇನ್ನು ಶಿಕ್ಷೆಯ ಮಾತು. ಸುಳ್ಳು ಅರ್ಜಿ ಹಾಕಿದವರಿಗೆ ನಮ್ಮ 1950ರ ಕಾಯ್ದೆಯ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಇದೆ. ಪಟ್ಟಿಯ ಕೆಲಸದಲ್ಲಿ ಕರ್ತವ್ಯ ಬಿಟ್ಟ ಅಧಿಕಾರಿಗೆ 32ನೇ ಕಲಮಿನಲ್ಲಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ಆದರೆ ಆ ಅಧಿಕಾರಿಯ ಮೇಲೆ ನ್ಯಾಯಾಲಯ ಕೇಸು ಕೈಗೆತ್ತಿಕೊಳ್ಳಬೇಕಾದರೆ ಆಯೋಗವೋ ರಾಜ್ಯದ ಮುಖ್ಯ ಚುನಾವಣಾಧಿಕಾರಿಯೋ ಹೇಳಿ ದೂರು ಕೊಡಿಸಬೇಕು. ಹೆಸರು ಕಳೆದುಕೊಂಡ ಹೆಂಗಸು ತಾನೇ ಹೋಗಿ ಕೊಟ್ಟರೆ ನಡೆಯುವುದಿಲ್ಲ. ಮನೆ ಕಳುವಾದವನು ದೂರು ಕೊಡಬಹುದು, ಓಟು ಕಳುವಾದವಳು ಕೊಡುವಂತಿಲ್ಲ! ಈ ಬೇಲಿಯನ್ನು ಮೊದಲು ಕೀಳಿ.

ಅಲ್ಲಿಯವರೆಗೆ ನಮ್ಮ ಕೈಲಿ ಆಗುವುದು ಒಂದಿದೆ. ಮುಂದಿನ ಕರಡು ಬಂದ ದಿನ ಸೇರಿದವರ ಪಟ್ಟಿ ಬಿಟ್ಟು ತೆಗೆದವರ ಪಟ್ಟಿಯನ್ನೇ ಕಾರಣದ ಸಮೇತ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸ್ಥಳಾಂತರ ಎಂದು ಬರೆದ ಹೆಸರು ಕಂಡರೆ ತೋಟದಲ್ಲಿರುವವರಿಗೆ ಅಲ್ಲೇ ನಿಂತು ಫೋನು ಹಚ್ಚಿ, ನಮೂನೆ 6ನ್ನು ತುಂಬಿಸಿ, ತಹಶೀಲ್ದಾರರ ಮೇಜಿನ ಮೇಲೆ ಇಟ್ಟು, ಅರ್ಜಿ ತಲುಪಿದ್ದಕ್ಕೆ ಸೀಲು ಹೊಡೆಸಿಕೊಳ್ಳದೆ ಹೊರಗೆ ಬರಬೇಡಿ.